ಹೂವು ದೇವರಿಗೆ, ಪೀಠ ಯೂನಿವರ್ಸಿಟಿಗೆ

ಬನಹಟ್ಟಿಯ ನಮ್ಮ ಅತ್ತೆಯ ಮನೆಯಲ್ಲಿ ಹೂವಿಗೊಂದು ಕಾಯ್ದೆ ಇತ್ತು. ತೊಟ್ಟು ಸಹಿತ ಯಾವ ಹೂವೂ ದೇವರ ತಲೆ ಏರುವಂತಿಲ್ಲ. ತೊಟ್ಟು ಅಂದರೆ ಬರೀ ದಂಟಲ್ಲ. ಪಕಳೆಗಳೆಲ್ಲ ಬಂದು ಕೂಡುವ ಬುಡದ ಆ ಹಸಿರು ಗಂಟೂ ಅದರಲ್ಲೇ ಬಂತು. ಅತ್ತೆ ನಸುಕಿನಲ್ಲಿ ಎದ್ದು, ಜಳಕ ಮಾಡಿ, ಪರಾತವೆಂಬ ಅಗಲ ತಟ್ಟೆಯ ತುಂಬ ಹೂ ಸುರಿದುಕೊಂಡು ಕೂತರೆ ಹಸಿ ಬಟಾಣಿ ಸುಲಿದಂತೆ ಸುಲಿಯುತ್ತಿದ್ದರು. ಪಕಳೆ ದೇವರಿಗೆ, ಗಂಟು ಆಕಳ ಗೋದಲಿಗೆ. ಯಾಕೆ ಅಂತ ಕೇಳಿದರೆ "ದೇವರಿಗೆ ಚುಚ್ಚತೈತಿ" ಅನ್ನುತ್ತಿದ್ದರು. ಹಿತ್ತಾಳೆಯ ಬನಶಂಕರಿಗೆ ದಾಸವಾಳದ ಬುಡ ಹೇಗೆ ಚುಚ್ಚುತ್ತದೆ ಅಂತ ಕೇಳುವಷ್ಟು ಧೈರ್ಯ ನನಗಿರಲಿಲ್ಲ. ಹೊಸ ಸೊಸೆ ನಾನು.

ತೊಂದರೆ ಏನೆಂದರೆ, ಆ ಗಂಟೇ ನನ್ನ ಪರೀಕ್ಷೆಯ ವಿಷಯವಾಗಿತ್ತು. ಅದಕ್ಕೆ ಪುಸ್ತಕದಲ್ಲಿ ಪುಷ್ಪಪೀಠ ಅಂತ ದೊಡ್ಡ ಹೆಸರು. ದಳ, ಕೇಸರ, ಅಂಡಾಶಯ ಎಲ್ಲವೂ ಕೂತಿರುವ ಮಣೆ ಅದು. ಒಂದು ಹೂವಿನ ಮಣೆ ಚಪ್ಪಟೆ, ಇನ್ನೊಂದರದು ಬಟ್ಟಲು, ಮತ್ತೊಂದರದು ಉದ್ದಕ್ಕೆ ಕಂಬದ ಹಾಗೆ ಎದ್ದು ನಿಂತದ್ದು. ನೋಡುವವರಿಲ್ಲ, ಮೂಸುವವರಿಲ್ಲ, ಮುಡಿಯುವವರಂತೂ ಇಲ್ಲವೇ ಇಲ್ಲ. ಅದನ್ನು ಕೇಳುವವರು ಇಡೀ ಲೋಕದಲ್ಲಿ ಒಬ್ಬರೇ, ಧಾರವಾಡದಿಂದ ಬರುವ ಪರೀಕ್ಷಕರು.

ಅವರು ನನ್ನನ್ನು ಒಮ್ಮೆ ಕೇಳಿಯೂ ಆಗಿತ್ತು. ಮದುವೆಗೆ ಮೊದಲು, ಬಿ.ಎಸ್ಸಿ. ಕೊನೆಯ ವರ್ಷ, ಜಮಖಂಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಕ್ಟಿಕಲ್. ನನ್ನ ಪಾಲಿಗೆ ಗುಲಾಬಿ ಬಂದಿತ್ತು. ಪಕಳೆಗಳನ್ನು ಒಂದೊಂದಾಗಿ ಬಿಡಿಸಿ ಬಿಳಿ ಹಾಳೆಯ ಮೇಲೆ ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಜೋಡಿಸಿ, ಶಾಭಾಸ್ ಅನ್ನಿಸಿಕೊಳ್ಳಲು ಕಾಯುತ್ತ ನಿಂತಿದ್ದೆ. ಪರೀಕ್ಷಕರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಛಲೋ ಐತಿ. ಪುಷ್ಪಪೀಠ ತೋರಸು ನೋಡೋಣು" ಅಂದರು. ಮೇಜಿನ ಮೇಲೆ ಹುಡುಕಿದೆ, ಇರಲಿಲ್ಲ. ಮುಧೋಳದ ನಮ್ಮವ್ವನೂ ಹೂ ಸುಲಿಯುವವಳೇ. ಹುಟ್ಟಿದಾಗಿನಿಂದ ನೋಡಿದ ಕೈ, ನನ್ನನ್ನು ಕೇಳದೇ ತನ್ನ ಕೆಲಸ ಮಾಡಿ ಮುಗಿಸಿತ್ತು.

"ಅದು ಕಸದ ಬುಟ್ಟಿಯೊಳಗ ಐತ್ರಿ ಸರ್."

"ಹಂಗಾರ ಹುಡುಕು."

ಇಡೀ ಬ್ಯಾಚಿನ ಕಸ ಬಿದ್ದ ಬುಟ್ಟಿ ಅದು. ಬಗ್ಗಿ, ಕೈ ಆಡಿಸಿ, ಹಸಿರಾಗಿ ಸಿಕ್ಕಿದ್ದೊಂದನ್ನು ಹಿಡಿದು ಎತ್ತಿ ತೋರಿಸಿದೆ. ಪರೀಕ್ಷಕರು ಅದನ್ನು ಚಿಮಟಿಗೆಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ಇದು ಯಾರದೋ ಬುತ್ತಿಯೊಳಗಿನ ಬದನಿಕಾಯಿ ತೊಟ್ಟು" ಅಂದರು. ಎರಡು ಅಂಕದಿಂದ ನಪಾಸಾದೆ. ನಪಾಸಾದ ಮೇಲೆ ಮದುವೆ ಮಾಡಿದರು. ನಮ್ಮ ಕಡೆ ಒಂದಕ್ಕೆ ಇನ್ನೊಂದು ಔಷಧ.

ಮಾತುಕತೆಯ ದಿನ ನಮ್ಮಪ್ಪ ಅಳುಕುತ್ತಲೇ "ಒಂದು ಪ್ರಾಕ್ಟಿಕಲ್ ಉಳದೈತ್ರಿ" ಅಂದಿದ್ದರು. ಗಂಡನ ಮನೆಯಲ್ಲಿ ಅತ್ತೆಯದೇ ಕಾರಭಾರ. ಅವರು ಎಲೆ ಅಡಿಕೆ ಮೆಲ್ಲುತ್ತ, "ಒಂದ ಸಲ ಕೂಡ್ಲಿ. ಪಾಸಾದ್ರ ಮುಂದ ಎಷ್ಟರ ಕಲೀಲಿ. ಆಗಲಿಲ್ಲಂದ್ರ ಮತ್ತ ಸಾಲಿ ಮಾತು ತಗೀಬಾರದು" ಅಂದರು. ಒಂದೇ ಸಲ. ಅದಾದ ಮೇಲೆ ಕಂಡಿಕೆ ಸುತ್ತುವ ಮಷೀನು. ಕಂಡಿಕೆ ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಉರುಳೆ. ಬನಹಟ್ಟಿಯ ಹೆಂಗಸರು ದಿನವಿಡೀ ಕೂತು ಸುತ್ತುತ್ತಾರೆ. ನಾನು ಮೂರು ದಿನ ಕೂತು ನೋಡಿದೆ. ನೂಲು ಕಡಿಯಿತು, ಬೆರಳು ಕೊಯ್ದಿತು, ಮೂರನೆಯ ದಿನ ನನ್ನ ಜಡೆಯೇ ಕಂಡಿಕೆಗೆ ಸುತ್ತಿಕೊಂಡಿತು. ನನಗೆ ಧಾರವಾಡಕ್ಕೆ ಹೋಗಿ ಎಂ.ಎಸ್ಸಿ. ಓದಬೇಕಿತ್ತು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ಆದರೆ ಹೊಟ್ಟೆ ಹಸಿದವರಿಗೆ ರೊಟ್ಟಿ ಬೇಕಾದಷ್ಟು ಬೇಕಿತ್ತು.

ಆ ವರ್ಷದ ಪರೀಕ್ಷೆಗೆ ಪ್ರತಿಯೊಬ್ಬರೂ ಆರು ಬಗೆಯ ಪುಷ್ಪಪೀಠ ತರಬೇಕೆಂದು ನೋಟೀಸು ಬಂತು. ತಾಜಾ ಇರಬೇಕು, ಒಣಗಿದ್ದು ನಡೆಯುವುದಿಲ್ಲ. ಒಂದು ಕಡಿಮೆಯಾದರೂ ಒಳಗೆ ಬಿಡುವುದಿಲ್ಲ. ಹೂ ತರುವ ಜವಾಬ್ದಾರಿಯನ್ನು ನಮ್ಮ ಮನೆಯವರು ಹೊತ್ತರು. ಪಾಪ, ಒಳ್ಳೆಯ ಮನುಷ್ಯ, ಆದರೆ ಹೂವಿನ ವಿಷಯದಲ್ಲಿ ಕಣ್ಣಿದ್ದೂ ಕುರುಡು. ಮೊದಲ ದಿನ ಬಾಡಗಂಡಿ ಕಡೆಗೆ ಹೋಗಿ ಬಂದವರು ಕಬ್ಬಿನ ತುರಾಯಿಯೊಂದನ್ನು ಮೋಟರ್‌ಸೈಕಲ್ಲಿಗೆ ಬಾವುಟದಂತೆ ಕಟ್ಟಿಕೊಂಡು ಬಂದರು. ಇದರ ಪೀಠ ಕಣ್ಣಿಗೇ ಕಾಣುವುದಿಲ್ಲ ಅಂದರೆ, "ಯಾಕ, ಇದೂ ಹೂವ ಅಲ್ಲೇನು?" ಅಂತ ಸಿಟ್ಟು. ಆಮೇಲೆ ಮಾತ್ರ ಬಹಳ ಓಡಾಡಿದರು. ಬೀಳಗಿ ಕಡೆಯ ನಾದಿನಿಯ ಊರಿನಲ್ಲಿ ಹಿನ್ನೀರು ಇಳಿದ ಕೆಸರಲ್ಲಿ ಮೊಣಕಾಲವರೆಗೆ ಹೂತು, ಮುಳುಗಡೆಯಾದ ಹಳೆಯ ಊರಿನ ಅತ್ತಿಮರದಿಂದ ಕಾಯಿ ಕಿತ್ತು ತಂದರು. ಅತ್ತಿಯ ಕಾಯಿಯೇ ಒಂದು ಪೀಠ. ಚೀಲದಂತೆ ಮುಚ್ಚಿಕೊಂಡಿರುತ್ತದೆ, ಹೂವೆಲ್ಲ ಒಳಗೆ. ನಮ್ಮ ಕಡೆ ಅತ್ತೆಗೂ ಅತ್ತಿ ಅನ್ನುತ್ತಾರೆ. ಅದರ ಮೇಲೆ ಏನೇನು ಹಾಸ್ಯ ಮಾಡಬಹುದೋ ಅದನ್ನೆಲ್ಲ ನಮ್ಮ ಮನೆಯವರು ಆ ಕೆಸರಿನ ಕಾಲಲ್ಲೇ ಮಾಡಿ ಮುಗಿಸಿದ್ದಾರೆ.

ಪರೀಕ್ಷೆಯ ಹಿಂದಿನ ಸಂಜೆ ನನ್ನ ಪರಾತ ಸಿದ್ಧವಾಯಿತು. ಗುಲಾಬಿ, ಸಂಪಿಗೆ, ಕೆರೆಯ ತಾವರೆ, ಹೊಲದ ಕುಸುಬೆ, ಅತ್ತಿಕಾಯಿ. ಆರನೆಯದು ಕೃಷ್ಣಕಮಲ, ನನ್ನ ಗೆಳತಿಯ ಮನೆಯ ಕಂಪೌಂಡಿನದು. ಎಲ್ಲವನ್ನೂ ಒದ್ದೆ ಬಟ್ಟೆಯ ಮೇಲೆ ಇಟ್ಟು, ನೀರು ಚಿಮುಕಿಸಿ, ತಂಪಾಗಿರಲಿ ಅಂತ ದೇವರ ಜಗುಲಿಯ ಪಕ್ಕದಲ್ಲಿ ಇಟ್ಟು ಮಲಗಿದೆ.

ದೇವರ ಜಗುಲಿ ಇದ್ದದ್ದು ಮಗ್ಗದ ಕೋಣೆಗೆ ಅಂಟಿದ ಗೋಡೆಗೆ. ಗೋಡೆಯ ಆ ಕಡೆ ಪಾವರ್‌ಲೂಮ್ ಖಟಾಖಟ ಶುರುವಾದರೆ ಈ ಕಡೆ ದೇವರ ಫೋಟೋಗಳೆಲ್ಲ ಸೊಟ್ಟಗಾಗುತ್ತಿದ್ದವು. ಅತ್ತೆ ದಿನಾ ಸಂಜೆ ಅವನ್ನು ನೆಟ್ಟಗೆ ಮಾಡುತ್ತಿದ್ದರು. ನನಗೆ ಬೆಳಿಗ್ಗೆ ಎಚ್ಚರವಾಗುತ್ತಿದ್ದದ್ದೂ ಅದೇ ಸದ್ದಿಗೆ. ಬರೀ ನನಗಲ್ಲ, ಇಡೀ ಓಣಿಗೆ ಕೋಳಿ ಬೇಕಿರಲಿಲ್ಲ, ಮಗ್ಗ ಸಾಕಿತ್ತು.

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೂ ಅಂದು ಪೂಜೆ, ರಜೆ. ಯೂನಿವರ್ಸಿಟಿಗೆ ಅಮಾವಾಸ್ಯೆ ಗೊತ್ತಿಲ್ಲ, ನನಗೆ ಗೊತ್ತಿದ್ದೂ ಮರೆತುಹೋಗಿತ್ತು. ಓಣಿ ತಣ್ಣಗೆ ಮಲಗಿತ್ತು, ನಾನೂ ಮಲಗಿದ್ದೆ. ಎಚ್ಚರವಾದದ್ದು ಅತ್ತೆಯ ದನಿಗೆ. ಹಿತ್ತಲ ಗೋಡೆಯ ಆಚೆಯವರಿಗೆ ಹೇಳುತ್ತಿದ್ದರು: "ಅಂತೂ ನಮ್ಮ ಸೊಸಿಗೆ ಭಕ್ತಿ ಬಂತವಾ! ಅಮಾಸಿ ಅಂತ ನಿನ್ನೆಯೇ ಹೂ ತಂದು ನೀರು ಹೊಡದು ಇಟ್ಟಾಳ. ತಾವರಿ ಹೂ ತಂದಾಳ, ತಾವರಿ!"

ಎದ್ದು ಓಡಿದೆ. ಬನಶಂಕರಿ ತಾವರೆ, ಗುಲಾಬಿಯ ಪಕಳೆಗಳಲ್ಲಿ ಕಂಠದವರೆಗೆ ಮುಳುಗಿ ನಗುತ್ತಿದ್ದಳು. ಮಗ್ಗದ ಮೇಲೆ ಸಂಪಿಗೆಯ ಎಸಳು. ಪರಾತ ತೊಳೆದು ಬೋರಲು ಹಾಕಿತ್ತು.

"ಅತ್ತೀ, ಅವುಗಳ ಬುಡ ಎಲ್ಲಿ ಅದಾವ್ರೀ?"

"ಯಾತರ ಬುಡ?"

"ಹೂವಿನವು ರೀ!"

"ಆಕಳಿಗೆ ಹಾಕಿದೆ. ಇನ್ನೆಲ್ಲಿ ಹಾಕ್ಲಿ?"

ನಾನು ಅಲ್ಲೇ ಕುಸಿದು ಕೂತು ಗೊಳೋ ಅಂತ ಅಳತೊಡಗಿದೆ. ಅತ್ತೆಗೆ ಗಾಬರಿ. "ಅಳೂದ್ಯಾಕ? ಹೂವೆಲ್ಲ ದೇವರ ಮ್ಯಾಲ ಅದಾವಲ್ಲ!" ಅಂದರು. "ಪರೀಕ್ಷಾ ಹೂವಿಂದಲ್ರೀ, ಬುಡದ್ದು!" ಅಂತ ಕಿರುಚಿದೆ. ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತರು. "ಬುಡದ ಪರೀಕ್ಷಾ? ಧಾರವಾಡದವರಿಗೆ ಬ್ಯಾರೆ ಉದ್ಯೋಗ ಇಲ್ಲೇನು?"

ಇಬ್ಬರೂ ಗೋದಲಿಗೆ ಓಡಿದೆವು. ಆಕಳು ಅತ್ತಿಕಾಯಿ ತಿಂದು, ಗುಲಾಬಿ, ಸಂಪಿಗೆಯ ಬುಡಗಳನ್ನೂ ಮುಗಿಸಿ, ನಮ್ಮನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ತಾವರೆಯ ಬುಡ ಮಾತ್ರ ಒಗ್ಗಲಿಲ್ಲವೋ ಏನೋ, ಪಕ್ಕಕ್ಕೆ ತಳ್ಳಿತ್ತು. ಆಲಿಕೆಯಾಕಾರದ ಮೆತ್ತನೆಯ ಪೀಠ, ಮೇಲೆ ಗುಳಿ ಗುಳಿ. ಕುಸುಬೆಯದೂ ಉಳಿದಿತ್ತು, ಮುಳ್ಳಿದ್ದ ಕಾರಣಕ್ಕೆ. ಆರರಲ್ಲಿ ಎರಡು. ಬಸ್ಸಿಗೆ ಒಂದೂವರೆ ತಾಸು.

ಆಗ ಅತ್ತೆ ಮಾಡಿದ ಕೆಲಸ ನಾನು ಸಾಯುವ ತನಕ ಮರೆಯುವುದಿಲ್ಲ. ಸೆರಗು ಸೊಂಟಕ್ಕೆ ಸಿಗಿಸಿ, ಸ್ಟೀಲ್ ಡಬ್ಬಿ ಹಿಡಿದು ಓಣಿಗೆ ಇಳಿದರು. "ಏ ಅಕ್ಕಾ, ನಿಮ್ಮ ಹೂವಿನ ಬುಡ ಒಗದ್ರೇನು? ಒಗೀಬ್ಯಾಡ್ರಿ! ನಮ್ಮ ಸೊಸಿ ಪರೀಕ್ಷಾಕ ಬೇಕಾಗ್ಯಾವು!" ಅಮಾವಾಸ್ಯೆ ನೋಡಿ, ಮನೆಮನೆಯಲ್ಲೂ ಪೂಜೆ, ಮನೆಮನೆಯಲ್ಲೂ ಸುಲಿದ ಬುಡ. ಮಗ್ಗ ನಿಂತು ಮಾಡಲು ಕೆಲಸವಿಲ್ಲದ ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಕಸಪೊರಕೆಯ ಕೆಳಗಿನಿಂದ, ತುಳಸಿ ಕಟ್ಟೆಯ ಬುಡದಿಂದ, ಮೊರದಿಂದ ಬುಡಗಳು ಬಂದವು. ನಾನು ಕಟ್ಟೆಯ ಮೇಲೆ ಕೂತು ಜಡ್ಜ್ ಸಾಹೇಬರ ಹಾಗೆ ಒಂದೊಂದನ್ನೂ ವಿಚಾರಣೆ ಮಾಡಿದೆ. ಗುಲಾಬಿಯ ಬಟ್ಟಲು, ಪಾಸ್. ದಾಸವಾಳದ ಸಣ್ಣ ದಿಬ್ಬ, ಪಾಸ್. ಓಣಿಯ ತುದಿಯ ಹೂ ಕಟ್ಟುವ ಮನೆಯಿಂದ ಸಂಪಿಗೆಯ ಉದ್ದನೆಯ ಗೂಟ ಬಂದಾಗ ಎದ್ದು ಕುಣಿಯುವುದೊಂದು ಬಾಕಿ. ಮೆಣಸಿನಕಾಯಿ ತೊಟ್ಟು ತಂದವರೂ ಇದ್ದರು, ಉಳ್ಳಾಗಡ್ಡಿಯ ಬೇರು ತಂದವರೂ ಇದ್ದರು. ಒಬ್ಬ ಮುದುಕಿ ಬದನೆಕಾಯಿ ತೊಟ್ಟು ತಂದು "ಇದು ನಡೀತೈತೇನ ತಂಗೀ?" ಅಂದಾಗ ನನಗೆ ನಗು ಅಳು ಒಟ್ಟಿಗೇ ಬಂದವು.

ಐದಾದವು. ಆರನೆಯದಕ್ಕೆ ಕೃಷ್ಣಕಮಲವೇ ಗತಿ, ಅದು ಬನಶಂಕರಿಯ ತಲೆಯ ಮೇಲಿತ್ತು. ಅದೊಂದನ್ನು ಅತ್ತೆ ಸುಲಿದಿರಲಿಲ್ಲ. ಆ ಹೂವಿನ ಸುತ್ತ ಇರುವ ನೀಲಿ ಎಳೆಗಳು ನೂರು ಮಂದಿ ಕೌರವರು, ನಡುವಿನ ಐದು ಪಾಂಡವರು, ಎಲ್ಲರಿಗಿಂತ ಮೇಲಿನ ಮೂರು ಬ್ರಹ್ಮ ವಿಷ್ಣು ಮಹೇಶ್ವರರು ಅಂತ ನಂಬಿಕೆ. "ಅಷ್ಟು ಮಂದೀನ ಹೆಂಗ ಹರಿಯೂದು?" ಅಂತ ಅತ್ತೆ ಇಡಿಯಾಗಿ ಏರಿಸಿದ್ದರು. ಏರಿಸಿದ ಹೂವನ್ನು ಸಂಜೆಯವರೆಗೆ ತೆಗೆಯುವಂತಿಲ್ಲ. ತಾಯಿಯೇ ಕೊಟ್ಟರೆ ಮಾತ್ರ. ಕಣ್ಣು ಮುಚ್ಚಿ ಕೇಳಬೇಕು. ಹೂವು ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ ಅಂದ ಹಾಗೆ. ಬೀಳದಿದ್ದರೆ ಕೂತಿರಬೇಕು.

ಅತ್ತೆ ಹೂವನ್ನು ಒಮ್ಮೆ ಸರಿಮಾಡಿ, ಕಣ್ಣು ಮುಚ್ಚಿ ಕೂತರು. ನಾನೂ ಕೂತೆ. ನಮ್ಮ ಮನೆಯವರು ಮೊದಲಿನಿಂದಲೂ ಬಾಗಿಲಲ್ಲೇ ನಿಂತಿದ್ದರು. ಹೂವು ಅಲ್ಲಾಡಲಿಲ್ಲ. ಬಸ್ಸಿಗೆ ಅರ್ಧ ತಾಸು. ಎಡಕ್ಕೆ ಬಿದ್ದರೆ ನನ್ನ ಧಾರವಾಡ ಅಲ್ಲಿಗೆ ಮುಗಿಯಿತು, ಬೀಳದಿದ್ದರೂ ಮುಗಿಯಿತು. ಕಂಡಿಕೆಯ ಮಷೀನು ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅತ್ತೆ ಕಣ್ಣು ಮುಚ್ಚಿಕೊಂಡೇ ಮಗನಿಗೆ, "ಹೋಗಿ ಮಗ್ಗದ ಮ್ಯಾಲಿನ ಹೂ ಸರಿ ಅದಾವೇನ ನೋಡಿ ಬಾ" ಅಂದರು. ಇಂಥ ಹೊತ್ತಿನಲ್ಲಿ ಮಗ್ಗದ ಹೂವಿನ ಚಿಂತೆ ಯಾಕೆ ಅಂತ ನನಗೆ ಸಿಟ್ಟೇ ಬಂತು. ಅವರು ಹೋದರು. ಒಂದು ಗಳಿಗೆ ಏನೂ ಇಲ್ಲ.

ಆಮೇಲೆ ಖಟ್, ಖಟಾಖಟ, ಖಟಾಖಟ!

ಗೋಡೆ ನಡುಗಿತು, ಫೋಟೋಗಳು ಸೊಟ್ಟಗಾದವು, ಬನಶಂಕರಿಯ ತಲೆಯಿಂದ ಕೌರವ ಪಾಂಡವರೆಲ್ಲ ಒಟ್ಟಾಗಿ ಜಾರಿ ಅತ್ತೆಯ ಉಡಿಗೆ ಬಿದ್ದರು. ಬಲಕ್ಕೇ! "ಕೊಟ್ಳು! ತಾಯಿ ಕೊಟ್ಳು!" ಅಂತ ಅತ್ತೆ ಹೂವನ್ನು ಕಣ್ಣಿಗೊತ್ತಿಕೊಂಡು ನನ್ನ ಡಬ್ಬಿಗೆ ಹಾಕಿದರು. ಮರುಕ್ಷಣವೇ ಒಳಗೆ ಬಂದ ಮಗನ ಮೇಲೆ ಹರಿಹಾಯ್ದರು: "ಅಮಾಸಿ ದಿನ ಮಗ್ಗ ಹಚ್ಚತೀಯಾ? ಬುದ್ಧಿ ಎಲ್ಲಿ ಇಟ್ಟೀಯೋ?" ಅವರು ಬಾಯಿ ತೆರೆದರು, ಅವ್ವನ ಮುಖ ನೋಡಿ ಮುಚ್ಚಿದರು. ಓಣಿಯ ಮಂದಿಯೂ ಬಂದು, ಯಾರ ಮನೆಯಲ್ಲಿ ಮಗ್ಗ ನಡೆಯಿತು ಅಂತ ಕೇಳಿ, ಅವರಿಗೆ ಇನ್ನಷ್ಟು ಉಗಿದು ಹೋದರಂತೆ. ಅತ್ತೆ ತಪ್ಪಿಗೆ ಐದು ತೆಂಗಿನಕಾಯಿ ಒಡೆಸಿ, ಆ ದಿನದ ಹೋಳಿಗೆಯನ್ನೂ ಅವರಿಗೆ ಕೊಡಲಿಲ್ಲವಂತೆ. ನಾನು ಅಷ್ಟರಲ್ಲಿ ಡಬ್ಬಿ ಹಿಡಿದು ಬಸ್ಸು ಹತ್ತಿಯಾಗಿತ್ತು.

ಜಮಖಂಡಿಯಲ್ಲಿ ಅದೇ ಪರೀಕ್ಷಕರು, ಅದೇ ಮೂಗಿನ ತುದಿಯ ಕನ್ನಡಕ. ನನ್ನ ಡಬ್ಬಿ ನೋಡಿ ಹುಬ್ಬೇರಿಸಿದರು.

"ಹೂವೆಲ್ಲಿ?"

"ದೇವರ ಮ್ಯಾಲ ಅದಾವ್ರಿ ಸರ್."

"ಹೋದ ವರ್ಷ ಬುಡ ಒಗದು ಹೂವು ಇಟ್ಟಿದ್ದಿ. ಈ ವರ್ಷ ಹೂವು ಬಿಟ್ಟು ಬುಡ ತಂದಿ. ಮುಂದಿನ ವರ್ಷ ಎರಡೂ ತಾ."

"ಮುಂದಿನ ವರ್ಷ ಬರಂಗಿಲ್ರಿ ಸರ್" ಅಂದೆ. ಎಲ್ಲಿಂದ ಬಂತೋ ಆ ಧೈರ್ಯ.

ಪಕ್ಕದ ಹುಡುಗಿಯರೆಲ್ಲ ದಳ ಬಿಡಿಸುತ್ತ ಪೀಠ ಹುಡುಕುತ್ತಿದ್ದರು. ನನಗೆ ಹುಡುಕುವುದೇ ಇರಲಿಲ್ಲ, ಇದ್ದದ್ದೆಲ್ಲ ಅದೇ. ಗುಲಾಬಿಯ ಬಟ್ಟಲು ಸೀಳಿ ಒಳಗಿನ ಅಂಡಾಶಯಗಳನ್ನು ತೋರಿಸಿದೆ, ಸಂಪಿಗೆಯ ಗೂಟದ ಮೇಲೆ ಅವು ಸುರುಳಿಯಾಗಿ ಕೂತದ್ದನ್ನು ತೋರಿಸಿದೆ. ಕುಸುಬೆಯ ಚಪ್ಪಟೆ ಮಣೆಯ ಮೇಲೆ ನೂರಾರು ಸಣ್ಣ ಹೂಗಳು ಪಂಗ್ತಿಗೆ ಕೂತಂತೆ ಕೂತಿರುತ್ತವೆ ಅಂದೆ. ಕೊನೆಗೆ ಕೃಷ್ಣಕಮಲ. ಪರೀಕ್ಷಕರು ಭೂತಗನ್ನಡಿ ಹಿಡಿದು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ.

"ಈ ಜಾತಿಗೆ ಕೆಂಪು ಪರಾಗ ನಾ ಎಲ್ಲೂ ನೋಡಿಲ್ಲಲಾ!"

"ಅದು ಕುಂಕುಮ ರೀ ಸರ್."

ಅವರ ಹೊಟ್ಟೆ ಕುಲುಕಿತು, ಮುಖ ಮಾತ್ರ ಗಂಭೀರ. ಪೀಠ ಎಲ್ಲಿದೆ ಅಂತ ಕೇಳಿದರು. ನಡುವಿನ ಸಣ್ಣ ಕಂಬ ತೋರಿಸಿ, "ಇದು ಪೀಠದ್ದ ಬೆಳವಣಿಗಿ ರೀ. ಇದು ಎದ್ದು ನಿಂತದ್ದಕ್ಕ ಪಾಂಡವರು ಕೌರವರಗಿಂತ ಮ್ಯಾಲ ಅದಾರ್ರಿ" ಅಂದೆ. ಕೇಸರ, ಅಂಡಾಶಯ ಅನ್ನಬೇಕಿತ್ತು. ಬಾಯಿಗೆ ಅತ್ತೆಯ ಮಾತು ಬಂದುಬಿಟ್ಟಿತು. ಪರೀಕ್ಷಕರು ಕಾಗದದ ಮೇಲೆ ಏನೋ ಬರೆದು, ಕುಂಕುಮ ಹತ್ತಿದ ಬೆರಳನ್ನು ಯಾರಿಗೂ ಕಾಣದಂತೆ ಹಣೆಗೆ ಒರೆಸಿಕೊಂಡು ಮುಂದಿನ ಹುಡುಗಿಯ ಕಡೆ ಹೋದರು.

ಪಾಸಾದೆ. ಅತ್ತೆ ಮಾತಿಗೆ ತಪ್ಪಲಿಲ್ಲ, ಧಾರವಾಡಕ್ಕೆ ಕಳಿಸಿದರು. ಶನಿವಾರ ಊರಿಗೆ ಬಂದರೆ ಕಿಟಕಿಯ ಕಟ್ಟೆಯ ಮೇಲೆ ಇಡೀ ವಾರದ ಹೂವಿನ ಬುಡಗಳು ಸಾಲಾಗಿ ಒಣಗುತ್ತಿದ್ದವು. ಒಣಗಿದ್ದು ನಡೆಯುವುದಿಲ್ಲ, ಈಗ ಬೇಡವೂ ಬೇಡ ಅಂತ ಎಷ್ಟು ಸಲ ಹೇಳಿದರೂ, "ಇರ್ಲಿ, ಧಾರವಾಡದವರು ಯಾವಾಗ ಏನ ಕೇಳ್ತಾರೋ ಯಾರಿಗೆ ಗೊತ್ತು" ಅನ್ನುತ್ತಿದ್ದರು. ಆಕಳಿಗೆ ಮಾತ್ರ ಆ ದಿನದಿಂದ ಬುಡ ಬಂದ್.

ಎಷ್ಟೋ ವರ್ಷಗಳ ಮೇಲೆ ಆ ಹಳೆಯ ಮಗ್ಗವನ್ನು ಗುಜರಿಗೆ ಹಾಕಿದೆವು. ನಾನಾಗ ಲೆಕ್ಚರರ್ ಆಗಿ, ಪುಷ್ಪಪೀಠ ಎಸೆದವರ ಅಂಕ ಕತ್ತರಿಸುತ್ತಿದ್ದೆ. ಮಗ್ಗದ ತುಂಡುಗಳನ್ನು ಟೆಂಪೋಗೆ ಏರಿಸುವಾಗ ನಾನು ನಗುತ್ತ, "ನಿಮ್ಮ ಮಗ ಅವತ್ತು ಅಮಾಸಿ ಮುರದು ಇದನ್ನ ಹಚ್ಚದಿದ್ರ ನಾ ಇಷ್ಟೊತ್ತಿಗೆ ಕಂಡಿಕಿ ಸುತ್ತತಿದ್ದೆ ನೋಡ್ರಿ" ಅಂದೆ. ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಎಲೆಯ ದೇಟು ಮುರಿದರು.

"ಅಂವಗ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ಕಣ್ಣು ಮುಚ್ಚೂಕಿಂತ ಮೊದಲ, ಹೋಗಿ ಮಗ್ಗ ಹಚ್ಚಂತ ನಾನ ಸನ್ನೆ ಮಾಡಿದ್ದೆ. ಹೂವನ್ನೂ ಬಲಕ್ಕ ವಾಲಿಸೇ ಇಟ್ಟಿದ್ದೆ."

ಸೊಟ್ಟಗಾದ ದೇವರ ಫೋಟೋವನ್ನು ಸಹಿಸದ ಹೆಂಗಸು, ಅಮಾವಾಸ್ಯೆಗೆ ನೂಲಿನ ಎಳೆಯನ್ನೂ ಮುಟ್ಟದ ಹೆಂಗಸು. "ಮತ್ತ ಅಷ್ಟೊತ್ತು ತಾಯಿ ಮುಂದ ಕುಂತು ಏನ ಕೇಳಿಕೊಂಡ್ರಿ?" ಅಂದೆ.

"ಏನೂ ಕೇಳಲಿಲ್ಲ. ಕೇಳಿದ ಮ್ಯಾಲ ಎಡಕ್ಕ ಬಿದ್ರ ಏನ ಮಾಡ್ಲಿ? ನಿನ್ನ ಸಾಲಿ ಬಿಡಸಬೇಕಾಗ್ತಿತ್ತು. ಅದಕ್ಕ ಬರೇ ಕಣ್ಣು ಮುಚ್ಚಿ ಕುಂತಿದ್ದೆ."

ಟೆಂಪೋ ಹೊರಟಿತು. ಅತ್ತೆ ಸುಣ್ಣದ ಡಬ್ಬಿ ಕೊಡು ಅಂತ ಕೈ ಚಾಚಿದರು, ನಾನು ಡಬ್ಬಿಯ ಜೊತೆ ಆ ಕೈಯನ್ನೂ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.